ತಡೆದು ಕಳಿಸಿದ ಉತ್ತರ

ಇಲ್ಲ... ಇದು ಬರೀ ನನ್ನ ಭ್ರಮೆ. ಎಲ್ಲರೂ ಒಮ್ಮೊಮ್ಮೆ ತಡವಾಗಿ ಉತ್ತರಿಸುತ್ತಾರೆ. ಅಷ್ಟಕ್ಕೇ ಪ್ರೀತಿಸಿದವನನ್ನು ಅನುಮಾನಿಸುವುದೇ?

ಸಭೆಯ ಕೋಣೆಯಲ್ಲಿ ಕೂತಿದ್ದ ಅವಳು ಗೋಡೆಯ ಪರದೆಯ ಮೇಲೆ ಏರಿಳಿಯುವ ಗೆರೆಗಳನ್ನೇ ನೋಡುತ್ತಿದ್ದಳು. ಪರದೆಯ ಪಕ್ಕ ನಿಂತು ಮಾತಾಡುತ್ತಿದ್ದವನು ಅವಳ ಹುಡುಗ.

ಒಂಟಿ ಜನ ಗೆಳೆತನ ಹುಡುಕಿಕೊಂಡು ಬರುವ ಆ್ಯಪ್ ಅವರಿಬ್ಬರೂ ದುಡಿಯುವ ಕಂಪನಿಯದು. ಅದರಲ್ಲಿ ಜನರಿಗೆ ಕಾಣುವ ಮಾತುಗಳನ್ನು ಬರೆಯುವುದು ಅವಳ ಕೆಲಸ. ಏನು ಮಾಡಿದರೆ ಜನ ಮರಳಿ ಬರುತ್ತಾರೆಂದು ಪ್ರಯೋಗ ಮಾಡಿ ನೋಡುವುದು ಅವನ ಕೆಲಸ.

"ಬಳಕೆದಾರರನ್ನ ಎರಡು ಗುಂಪು ಮಾಡಿದ್ವಿ," ಅವನ ದನಿ ಎಂದಿನಂತೆ ಮೆತ್ತಗಿತ್ತು. "ಒಂದು ಗುಂಪಿಗೆ ಗೆಳೆಯರ ಸಂದೇಶ ತಕ್ಷಣ ತಲುಪಿಸಿದ್ವಿ. ಇನ್ನೊಂದಕ್ಕೆ ತಡೆದು ಕಳಿಸಿದ್ವಿ. ಒಮ್ಮೆ ಬೇಗ, ಒಮ್ಮೆ ತಡ... ಬಿಟ್ಟು ಹೋಗೋಣ ಅನ್ನಿಸೋ ಹೊತ್ತಿಗೆ ಒಂದು ಸಿಹಿ ಮಾತು."

"ಏನಾಯ್ತು?" ಮ್ಯಾನೇಜರ್ ಕೇಳಿದರು.

"ಕಾದವರು ಬಿಟ್ಟು ಹೋಗಲೇ ಇಲ್ಲ, ಸರ್."

ಎಲ್ಲರೂ ಮೇಜು ತಟ್ಟಿದರು. ಅವಳು ಫೋನ್ ತೆರೆದು ಅವನ ಹಳೆಯ ಸಂದೇಶಗಳನ್ನು ನೋಡಿದಳು.

ಅವನ ಉತ್ತರಗಳೂ ಹೀಗೆಯೇ ಅಲ್ಲವೇ! ಜ್ವರ ಬಂದಿದೆ ಎಂದು ಬರೆದಾಗ ಇಡೀ ದಿನ ಸುದ್ದಿಯಿಲ್ಲ. ಸಾಕು ಇವನ ಸಹವಾಸ ಎಂದು ಅತ್ತು ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಅವನೇ, ಕೈಯಲ್ಲಿ ಔಷಧಿ...

ಸಭೆ ಮುಗಿದು ಜನ ಏಳುತ್ತಿದ್ದಂತೆ ಅಕ್ಕನ ಕರೆ ಬಂತು.

"ಏನೇ, ಸಂಜೆ ಕರ್ಕೊಂಡು ಬರ್ತೀಯಾ ತಾನೇ ನಿನ್ನ ಮಾತಿಲ್ಲದ ಮಹಾರಾಜನ್ನ? ಮದುವೆ ಮಾತು ಅಂತ ನಿಮ್ಮ ಭಾವ ಆಗಲೇ ಎರಡು ಶರ್ಟ್ ಬದಲಾಯಿಸಿದ್ರು. ಮದುವೆ ನಿಂದೋ ಅವರದ್ದೋ!"

"ಅಕ್ಕಾ... ಆಮೇಲೆ ಹೇಳ್ತೀನಿ."

ಕೋಣೆಯಲ್ಲಿ ಈಗ ಅವರಿಬ್ಬರೇ.

"ನನ್ನನ್ನೂ ಹೀಗೇ ಕಾಯಿಸಿದ್ಯಾ? ಬೇಕಂತಲೇ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. ಬೆಚ್ಚಲಿಲ್ಲ.

"ಹೂಂ."

ಸುಳ್ಳಾದರೂ ಹೇಳಬಾರದಿತ್ತೇ!

"ಯಾಕೋ? ನಾನೇನು ನಿನ್ನ ಪರದೆ ಮೇಲಿನ ಗೆರೆಯಾ?"

"ಮುಂಚೆ ಕೇಳಿದ ತಕ್ಷಣ ಎಲ್ಲಾ ಕೊಟ್ಟುಬಿಡ್ತಿದ್ದೆ. ಎಲ್ಲರೂ ಬಿಟ್ಟು ಹೋದ್ರು. ನೀನೂ ಹೋಗಬಾರದು ಅಂತ... ನನಗೆ ಬರೋದು ಇದೊಂದೇ ವಿದ್ಯೆ."

"ಹಾಗಾದ್ರೆ ನಾನು ಉಳಿದಿದ್ದು ಪ್ರೀತಿಯಿಂದಲೋ, ನಿನ್ನ ವಿದ್ಯೆಯಿಂದಲೋ?"

"ಅದನ್ನ ಪರೀಕ್ಷೆ ಮಾಡೋಕಾಗಲ್ಲ. ನಾನು ಕಾಯಿಸದೇ ಇದ್ದ ಇನ್ನೊಬ್ಬಳು ನೀನು ಎಲ್ಲೂ ಇಲ್ಲ."

ಅವಳು ಹೊರಗೆ ಬಂದಳು. ಲಿಫ್ಟಿನ ಬಾಗಿಲು ತೆರೆಯಿತು, ಮುಚ್ಚಿತು. ಅವಳು ಹತ್ತಲಿಲ್ಲ. ಅವನು ಹಿಂದೆ ಬರುತ್ತಾನೆಂದು ಕಾದಳು. ಬರಲಿಲ್ಲ. ಹೋಗಿಬಿಡಬೇಕು... ಇವನಿಲ್ಲದೆ ಎಲ್ಲಿಗೆ?

ಕಾಲುಗಳು ತಾವಾಗಿಯೇ ತಿರುಗಿದವು. ತಾವಾಗಿಯೇ?

ಅವನು ಕೂತಲ್ಲೇ ಇದ್ದ, ಕಣ್ಣುಗಳು ಕೆಂಪಾಗಿದ್ದವು.

"ಇನ್ಮೇಲೆ ಕೇಳಿದ ತಕ್ಷಣ ಉತ್ತರ ಕೊಡ್ತೀಯಾ?"

"ಕೊಡ್ತೀನಿ ಕಣೇ. ನಿನ್ನಾಣೆ."

ಅವಳು ಅವನ ಹೆಗಲಿಗೆ ಹಣೆಯಿಟ್ಟಳು. "ನನ್ನನ್ನ ಪ್ರೀತಿಸ್ತೀಯಾ?"

ಅವನ ಬೆರಳುಗಳು ಅವಳ ಕೂದಲಲ್ಲಿ ಆಡಿದವು. ಮಾತು ಬರಲಿಲ್ಲ. ಕೋಣೆಯಲ್ಲಿ ಎಸಿಯ ಸದ್ದೊಂದೇ. ಇನ್ನೇನು ದೂರ ಸರಿಯಬೇಕು ಎನ್ನುವಷ್ಟರಲ್ಲಿ...

"ತುಂಬಾ," ಅಂದ.

ಅವಳು ಸುಖಕ್ಕೆ ಅತ್ತುಬಿಟ್ಟಳು! ಅಳುತ್ತಲೇ ಅಕ್ಕನಿಗೆ ಬರೆದಳು: 'ಬರ್ತಿದ್ದೀವಿ.'

ಆ ಒಂದು ಮಾತಿಗೆ ಯಾಕೆ ಅಷ್ಟು ತಡಮಾಡಿದನೆಂದು ಅವನು ಎಂದೂ ಹೇಳಲಿಲ್ಲ.