ಚಪ್ಪಟೆ ಬೇರು

ಬಂಗಾರೆವ್ವ ಒದ್ದೆ ಸೀರೆಯ ಒಂದು ತುದಿಗೆ ಕ್ಲಿಪ್ಪು ಹಾಕಿದ್ದಳು. ಇನ್ನೊಂದು ತುದಿ ಕೈಯಲ್ಲೇ ಇತ್ತು. ಹಿತ್ತಲ ಗಾಜಿನ ಮನೆಯಿಂದ ಗುರುಶಾಂತಪ್ಪನ ಕೂಗು ಕೇಳಿತು.

"ಕಳವಾಗೈತಿ. ಹನ್ನೊಂದು ಗಿಡ ಹೋಗ್ಯಾವ."

ಡಾಕ್ಟರ್ ಗುರುಶಾಂತಪ್ಪ ಅವಳ ಅಕ್ಕನ ಮಗ. ಅಮೆರಿಕದ ಡ್ಯಾನ್‌ವಿಲ್‌ನಲ್ಲಿ ದೊಡ್ಡ ಮನೆ, ಗಾಜಿನ ಮನೆಯ ತುಂಬ ಆರ್ಕಿಡ್ ಗಿಡಗಳು. ಗಂಡ ತೀರಿಕೊಂಡ ಮೇಲೆ ಬಂಗಾರೆವ್ವ ದಾಂಡೇಲಿ ಬಿಟ್ಟು ಇಲ್ಲಿ ಸೇರಿ ಎರಡು ವರ್ಷವಾಗಿತ್ತು. ಅದು 1986ರ ಅಕ್ಟೋಬರ್, ಶನಿವಾರ ಬೆಳಿಗ್ಗೆ ಹತ್ತು ಗಂಟೆ.

ಅರ್ಧ ಗಂಟೆಯಲ್ಲಿ ಪೊಲೀಸ್ ಆಫೀಸರ್ ಬಂದ. ಡಾಕ್ಟರ್ ತಡಮಾಡದೆ ತೋಟದ ಕೆಲಸದ ರಮೋನನತ್ತ ಕೈ ತೋರಿಸಿದ. ಬೀಗ ಮುರಿದಿರಲಿಲ್ಲ. ಇದ್ದದ್ದು ಎರಡೇ ಕೀಲಿಕೈ. ಒಂದು ಡಾಕ್ಟರದು, ಇನ್ನೊಂದು ರಮೋನನದು.

ರಮೋನ್ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಈ ದೇಶದಲ್ಲಿರಲು ಬೇಕಾದ ಕಾಗದಪತ್ರ ಅವನ ಬಳಿ ಇರಲಿಲ್ಲ. ಕೇಸಾದರೆ ಗಡಿಯಾಚೆಗೆ ಅಟ್ಟುತ್ತಾರೆ. ಮೂರು ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದುತ್ತಿದ್ದವು.

ಆಫೀಸರ್ ಅವನ ಟ್ರಕ್ಕು ಹುಡುಕಿದ. ಹನ್ನೊಂದು ಖಾಲಿ ಕುಂಡ ಸಿಕ್ಕವು.

"ಡಾಕ್ಟರೇ ಎಸೆಯೋಕೆ ಕೊಟ್ರಂತೆ, ನಿನ್ನೆ ಸಂಜೆ," ಎಂದು ರಮೋನನ ಮಾತನ್ನು ಡಾಕ್ಟರ ಹೆಂಡತಿ ಶೈಲಜಾ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. ಅವಳು ಬೆಂಗಳೂರಿನವಳು.

"ಸುಳ್ಳು," ಎಂದ ಗುರುಶಾಂತಪ್ಪ.

\* \* \*

ಬಂಗಾರೆವ್ವ ಗಾಜಿನ ಮನೆಯೊಳಗೆ ಹೋದಳು. ಮುಂದಿನ ಸಾಲಿನಲ್ಲಿ ಹೂಗಳು ಕಣ್ಣು ಕುಕ್ಕುತ್ತಿದ್ದವು. ಒಂದೂ ಕದಲಿರಲಿಲ್ಲ.

"ಹೋಗಿದ್ದು ಯಾವು ಶೈಲಾ?"

"ಹಿಂದಿನ ಸಾಲಿನವು, ಚಿಕ್ಕತ್ತೆ. ಹೂವೇ ಇಲ್ದಿರೋವು."

"ಹೂ ಇದ್ದದ್ದು ಬಿಟ್ಟು ಬರೇ ಎಲಿ ಒಯ್ದಾನ? ಕಳ್ಳಗ ಕಣ್ಣಿರಲಿಲ್ಲೇನು?"

ಹಲಗೆಯ ಮೇಲೆ ಬೇರಿನ ತುಂಡುಗಳು ಉದುರಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಮಗ್ಗುಲು ದುಂಡಗೆ, ಇನ್ನೊಂದು ಒತ್ತಿದಂತೆ ಚಪ್ಪಟೆ. ಉಗುರಿನಷ್ಟು ತೊಗಟೆ ಅಂಟಿತ್ತು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಈ ವಾರ ಗಿಡದ ಸಲುವಾಗಿ ಯಾರರ ಫೋನ್ ಮಾಡಿದ್ರೇನು?"

ಶೈಲಜಾ ಯೋಚಿಸಿದಳು. "ಗುರುವಾರ ಅಗ್ರಿಕಲ್ಚರ್ ಆಫೀಸಿಂದ ಬಂದಿತ್ತು. ಮಂಗಳವಾರ ಇನ್‌ಸ್ಪೆಕ್ಷನ್ನಂತೆ. ಹೊರದೇಶದಿಂದ ತರಿಸಿದ ಗಿಡಗಳ ಪೇಪರ್ಸು ನೋಡ್ತಾರಂತೆ. ಇವರಿಗೆ ಆಗಲೇ ಹೇಳ್ದೆ."

ಬಂಗಾರೆವ್ವ ಹೊರಗೆ ಬಂದು ಮೇಲೆ ನೋಡಿದಳು. ಮಹಡಿಯ ಬಚ್ಚಲಿನ ಕಿಟಕಿ ಒಳಗಿನಿಂದ ಮಂಜುಮಂಜಾಗಿತ್ತು. ಆ ಬಚ್ಚಲು ಅವಳದೇ. ನಲ್ಲಿ ಸೋರುತ್ತದೆ ಎಂದು ನಿನ್ನೆ ರಾತ್ರಿ ಗುರುಶಾಂತಪ್ಪ ಬೀಗ ಹಾಕಿದ್ದ.

\* \* \*

"ಪೊಲೀಸಪ್ಪಗ ಮ್ಯಾಲ ಬರಾಕ ಹೇಳು, ಶೈಲಾ."

"ಚಿಗವ್ವಾ, ನಿನಗ್ಯಾಕ ಇದೆಲ್ಲ? ಅಡಿಗಿ ನೋಡ್ಹೋಗು," ಎಂದ ಗುರುಶಾಂತಪ್ಪ.

"ಅಡಿಗಿ ಆಗೈತಿ. ಕೀಲಿ ತಗಿ. ಸೋರೋ ಬಚ್ಚಲದಾಗ ಯಾರಲೇ ಬಿಸಿನೀರು ಬಿಟ್ಟವ್ರು?"

ಗುರುಶಾಂತಪ್ಪ ಕದಲಲಿಲ್ಲ. ಆಫೀಸರ್ ಕೈ ಚಾಚಿದ ಮೇಲೆ ಕೀಲಿಕೈ ಜೇಬಿನಿಂದ ಬಂತು.

ಒಳಗೆ ಹಬೆ. ಟಬ್ಬಿನಲ್ಲಿ ಒದ್ದೆ ಟವೆಲಿನ ಮೇಲೆ ಸಾಲಾಗಿ ಹನ್ನೊಂದು ಗಿಡ ಮಲಗಿದ್ದವು.

ಬಂಗಾರೆವ್ವ ಸೆರಗಿನ ಗಂಟು ಬಿಚ್ಚಿದಳು. ಶೈಲಜಾ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತ ಹೋದಳು.

"ಕುಂಡ್ಯಾಗ ಹುಟ್ಟಿ ಬೆಳದದ್ದಾದ್ರ ಬೇರು ದುಂಡಗ ಇರತೈತಿ. ಮರಾ ತಬ್ಬಿದ್ದು ಹಿಂಗ ಚಪ್ಪಟ ಆಗತೈತಿ. ಇದು ನಮ್ಮ ಕಡೆ ಕಾಡಿನ ಹೆಬ್ಬಲಸಿನ ಮರದ ತೊಗಟಿ. ನರ್ಸರಿದಂತ ಚೀಟಿ ಹಚ್ಚಿ ತರಿಸ್ಯಾನ, ಆದ್ರ ಇವು ನಮ್ಮ ಕಾಡಿನವು. ಮಂಗಳವಾರ ನೋಡಾವ್ರಿಗೆ ಬೇರು ಕಂಡ್ರ ಗೊತ್ತಾಗತೈತಿ. ಅದಕ್ಕ ಕಳುವಿನ ಕಥಿ. ಪೊಲೀಸರ ಚೀಟಿ ಇದ್ರ ಗಿಡ ಎಲ್ಲಿ ಅಂತ ಯಾರೂ ಕೇಳಂಗಿಲ್ಲ. ಕುಂಡ ತಾನಽ ರಮೋನಗ ಕೊಟ್ಟು ಸಾಕ್ಷಿನೂ ಮಾಡ್ಯಾನ."

"ಎಲ್ಲಾರೂ ತರಸ್ತಾರ, ಚಿಗವ್ವಾ. ಅಲ್ಲಿದ್ರ ಹೆಂಗೂ ಹಾಳಾಗತಿದ್ವು. ನಾ ಉಳಸೇನಿ."

"ಉಳಸೀ. ಬಚ್ಚಲದಾಗ." ಅವಳು ಟಬ್ಬಿನ ಕಡೆ ಬೊಟ್ಟು ಮಾಡಿದಳು. "ಸೀತಾಳಿ ದಂಡಿ ಅಂತೀವಿ ಇದಕ್ಕ. ಹೂವಿನ ಗೊಂಚಲ ಮುಡಕೊಂತಿದ್ವಿ, ಗಿಡಕ್ಕ ಯಾರೂ ಕೈ ಹಚ್ಚತಿರಲಿಲ್ಲ. ಅದು ಇರೋದು ತೆಂಗಿನ ಮರದಕಿಂತ ಎತ್ತರದಾಗ. ನಿನಗ ಮಾರೋ ಮಂದಿಗೆ ಹತ್ತಾಕ ಪುರಸೊತ್ತಿಲ್ಲ, ಮರಾನಽ ಕಡದು ಕೆಡವ್ತಾರ. ಆ ಮರದಾಗಿನ ಮಂಗಟ್ಟಿ ಹಕ್ಕಿ, ಜೇನು, ಕೆಂಜಳಿಲು ಎಲ್ಲಾ ಹೋದಂಗ. ಹನ್ನೊಂದು ಗಿಡಕ್ಕ ಎಷ್ಟು ಮರ ಬಿದ್ದಾವ, ಹೇಳು. ಅದೂ ಸಾಲದು ಅಂತ ಈ ಬಡವನ ಮೂರು ಮಕ್ಕಳನ್ನ ಬೀದಿಗೆ ಹಾಕಾಕ ನಿಂತಿದ್ಯಲ್ಲ."

ಆಫೀಸರ್ ಕೆಳಗಿಳಿದು, ರಮೋನನಿಗೆ ಹೋಗು ಎಂದು ಕೈಸನ್ನೆ ಮಾಡಿ, ಅಗ್ರಿಕಲ್ಚರ್ ಆಫೀಸಿಗೆ ಫೋನ್ ಹಚ್ಚಿದ.

\* \* \*

ಬಂಗಾರೆವ್ವ ತನ್ನ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದಳು. ಅವಳ ಮೈದುನ ಬಸವಂತಪ್ಪ ದಾಂಡೇಲಿ ಕಡೆ ಫಾರೆಸ್ಟ್ ಗಾರ್ಡು. ನಮ್ಮ ಮರ ಕಡಿಸಿ ಗಿಡ ತರಿಸಿಕೊಳ್ಳುವವರು ಅಲ್ಲಿ ಯಾರು, ಗೊತ್ತಾದರೆ ತಿಳಿಸು ಎಂದು ಜೂನ್‌ನಲ್ಲೇ ಬರೆದಿದ್ದ. ಗುರುಶಾಂತಪ್ಪ ಈ ಗಿಡಗಳ ಪಾರ್ಸೆಲ್ಲು ಬಿಚ್ಚಿದ ದಿನ ಅವಳೂ ಬೇರು ನೋಡಿದ್ದಳು. ಅವನ ಹೆಸರು ಸಮೇತ ಮೈದುನನಿಗೆ ಉತ್ತರ ಬರೆದೂ ಇದ್ದಳು. ಅಕ್ಕನ ಮಗನಲ್ಲವೇ ಎಂದು ಆ ಕಾಗದವನ್ನು ಕಳಿಸದೆ ನಾಲ್ಕು ತಿಂಗಳು ಸೀರೆಗಳಡಿ ಬಚ್ಚಿಟ್ಟಿದ್ದಳು. ತಾನು ಬಾಯಿ ಮುಚ್ಚಿಕೊಂಡಿದ್ದಕ್ಕೇ ರಮೋನನಿಗೆ ಈ ಗತಿ ಬರುವುದರಲ್ಲಿತ್ತು.

ಕಾಗದದ ಕೊನೆಗೆ ಒಂದು ಸಾಲು ಸೇರಿಸಿದಳು: "ತಡ ಮಾಡಿದ್ದು ನನ್ನ ತಪ್ಪು."

"ಚಿಗವ್ವಾ, ಎಲ್ಲಿ ಹೊಂಟಿ?" ಗುರುಶಾಂತಪ್ಪ ಮೆಟ್ಟಿಲ ಮೇಲಿಂದ ಕೇಳಿದ.

ಅವಳು ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದಳು. ಮೂಲೆಯ ನೀಲಿ ಅಂಚೆಪೆಟ್ಟಿಗೆಯ ಬಾಯಿ ಎಳೆದು ಕಾಗದ ಒಳಗೆ ಬಿಟ್ಟಳು.