ಬಂಡೆ ಮೇಲಿನ ಹಿಪ್ಪೆ

"ಅಕ್ಕಾ, ಹಗ್ಗ ಬಿಡಬ್ಯಾಡ್ರೀ!"

ಭೀಮು ಕೂಗಿದ್ದು ಹಿಪ್ಪೆ ಮರದ ತುದಿಯಿಂದ. ಅವನು ಮಲಗಿದ್ದ ಕೊಂಬೆ ಬಂಡೆಯ ಅಂಚು ದಾಟಿ ಪ್ರಪಾತದ ಮೇಲೆ ಚಾಚಿಕೊಂಡಿತ್ತು. ಸೊಂಟಕ್ಕೆ ಕಟ್ಟಿದ ಹಗ್ಗ ಮೇಲಿನ ಕವಲೊಂದನ್ನು ಬಳಸಿ ಇಳಿದು ರುದ್ರಾಣಿಯ ಕೈಯಲ್ಲಿತ್ತು. ಬಿಡುವ ಯೋಚನೆ ಅವಳಿಗಿರಲಿಲ್ಲ. ಆದರೆ ಮರದ ಕೆಳಗೆ ಹಾಸಿದ್ದ ಟಾರ್ಪಾಲಿನ ಇನ್ನೊಂದು ತುದಿಗೆ ಕರಡಿ ಬಂದು ನಿಂತಿತ್ತು.

"ಅಲ್ಲಾಡ್ಬೇಡಿ ಮೇಡಂ," ಬೆನ್ನ ಹಿಂದಿನ ಬಂಡೆಯ ಮರೆಯಿಂದ ಟೆಂಪೋ ಓಡಿಸುವ ಮಂಜೂರ್ ಪಿಸುಗುಟ್ಟಿದ. "ಅದಕ್ಕೆ ಕಣ್ಣು ಮಂದ."

"ಮೂಗು?"

"ಮೂಗು ಚೆನ್ನಾಗಿದೆ."

ಕರಡಿ ಮೂಗೆತ್ತಿ ಗಾಳಿ ಎಳೆದುಕೊಂಡಿತು. ಆಮೇಲೆ, ಮದುವೆ ಊಟಕ್ಕೆ ಬಂದವರ ಹಾಗೆ ಟಾರ್ಪಾಲಿನ ಮೇಲೆ ಕೂತು, ಉದುರಿಸಿಟ್ಟಿದ್ದ ಹಣ್ಣುಗಳನ್ನು ಬಾಚಿ ಬಾಚಿ ತಿನ್ನತೊಡಗಿತು.

"ಕೂಗಿ ಓಡಿಸ್ಲಾ?" ಮಂಜೂರ್ ಕೇಳಿದ.

"ಭೀಮು ಮೇಲಿದಾನೆ. ನಾನು ಬೆಚ್ಚಿಬಿದ್ರೆ ಅವನು ಕೆಳಗೆ. ಸುಮ್ನಿರು."

ಹಗ್ಗ ಕೊರೆದು ಅಂಗೈ ಉರಿಯಿತು. ಬೆಳಗಿನಿಂದ ಕೂಡಿಸಿದ ಹಣ್ಣು ಕಣ್ಣೆದುರೇ ಕರಗುತ್ತಿದ್ದರೂ ಹಗ್ಗ ಹಿಡಿದು ನಿಲ್ಲುವುದರ ಹೊರತು ಅವಳಿಂದ ಏನೂ ಆಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿ, ಕರಡಿ ಯಾರ ಕಡೆಗೂ ನೋಡದೆ ಪೊದೆಯೊಳಗೆ ಹೊರಟುಹೋಯಿತು.

ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಗುಡ್ಡ ಅದು. ಯಾರೋ ಒಂದರ ಮೇಲೊಂದು ಪೇರಿಸಿ ಮರೆತುಹೋದ ಹಾಗೆ ಬಂಡೆಗಳು, ಅವುಗಳ ಸಂದಿನಲ್ಲಿ ಬೆಂಕಿಗೆ ಸುಟ್ಟು ಕರಿಯಾದ ಬೊಡ್ಡೆಗಳು, ಕೆಳಗೆ ಮರಳಿನ ಒಣಹಳ್ಳ. ಒಂದು ಕಾಲಕ್ಕೆ ಇಳಿಜಾರಿನ ತುಂಬ ಇದ್ದ ಹಿಪ್ಪೆಯಲ್ಲಿ ಈಗ ಉಳಿದದ್ದು ನೆತ್ತಿಯ ಈ ಮರವೊಂದೇ. ರುದ್ರಾಣಿ ಎರಡು ಸಲ ಬೇರೆಲ್ಲಿಂದಲೋ ತಂದ ಹಿಪ್ಪೆ ಸಸಿ ನೆಟ್ಟಿದ್ದಳು, ಎರಡು ಸಲವೂ ಬೇಸಿಗೆಗೆ ಸತ್ತವು. ಕಿತ್ತು ನೋಡಿದರೆ ಪ್ಲಾಸ್ಟಿಕ್ ಚೀಲದ ತಳದಲ್ಲಿ ಸುರುಳಿ ಸುತ್ತಿದ್ದ ತಾಯಿಬೇರು ಮಣ್ಣಿನಲ್ಲೂ ಹಾಗೇ ಸುತ್ತಿಕೊಂಡಿತ್ತು, ಚೀಲ ತೆಗೆದದ್ದು ಅದಕ್ಕೆ ಗೊತ್ತೇ ಆಗದ ಹಾಗೆ.

ಅದಕ್ಕೇ ಬೆಂಗಳೂರಿನ ರಾಮಮೂರ್ತಿ ನಗರದ ತನ್ನ ನರ್ಸರಿಯಲ್ಲಿ ಅವಳು ಚೀಲಗಳನ್ನೆಲ್ಲ ಎಸೆದು, ತಳವಿಲ್ಲದ ಕೊಳವೆಗಳನ್ನು ತಂತಿಯ ಅಟ್ಟದ ಮೇಲೆ ನಿಲ್ಲಿಸಿದ್ದಳು. ಕೆಳಗಿಳಿದ ಬೇರಿನ ತುದಿ ಗಾಳಿಗೆ ಸೋಕಿ ನಿಲ್ಲುತ್ತದೆ, ಪಕ್ಕದಿಂದ ಹೊಸ ಬೇರು ಒಡೆಯುತ್ತವೆ. ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ, ಸದಾ ತುಂತುರು ಹನಿಯುವ ಮಂಜಿನ ಕೋಣೆಯನ್ನೂ ಮಾಡಿದ್ದಳು. ಉಳಿದದ್ದು ಬೀಜ ಮಾತ್ರ, ಅದೂ ಈ ಬಂಡೆಯ ಬರ ತಡೆದ ಮರದ್ದೇ. ಈ ಮಳೆಗಾಲಕ್ಕೆ ಗುಡ್ಡದ ತುಂಬ ಸಸಿ ನೆಡದಿದ್ದರೆ ಅದನ್ನು ಬೇರೆಯವರಿಗೆ ವಹಿಸುತ್ತೇವೆಂದು, ಖರ್ಚು ಕೊಡುತ್ತಿದ್ದ ಕಂಪನಿಯ ಮಲ್ಲಪ್ಪ ಹೇಳಿಬಿಟ್ಟಿದ್ದರು.

ಭೀಮು ಇಳಿದು ಬಂದ. ಕರಡಿ ಬಿಟ್ಟದ್ದು, ಅವನು ಹೊಸದಾಗಿ ಉದುರಿಸಿದ್ದು ಎಲ್ಲ ಸೇರಿ ಒಂದು ಗೋಣಿಯಾಯಿತು.

"ಸಾಕಾ ಅಕ್ಕಾ?"

"ಸಾಕು ಮಾಡ್ಕೋಬೇಕು."

ಅಷ್ಟರಲ್ಲಿ ಮಂಜೂರ್ ಪಶ್ಚಿಮದ ಆಕಾಶ ತೋರಿಸಿದ. "ಯಾ ಅಲ್ಲಾ, ಅಲ್ಲಿ ಮಳೆ ಹಿಡ್ದಿದೆ. ಹಳ್ಳ ಬಂದ್ರೆ ಅಲ್ಲಿ ನಿಲ್ಸಿರೋ ನನ್ನ ಟೆಂಪೋ ಆಂಧ್ರಕ್ಕೆ ಹೋಗ್ಬಿಡತ್ತೆ!"

"ಭೀಮು, ನೀನು ಹಣ್ಣು ಹಿಸುಕಿ ಬೀಜ ತೊಳೆದಿಡು. ನಾವು ಟೆಂಪೋ ದಡಕ್ಕೆ ಹತ್ತಿಸಿ ಬರ್ತೀವಿ," ಎಂದು ಹೇಳಿ ರುದ್ರಾಣಿ ಇಳಿದಳು.

ಹಳ್ಳ ಬರಲಿಲ್ಲ. ಆದರೆ ಚಕ್ರ ಮರಳಲ್ಲಿ ಹೂತಿತ್ತು. ಕಲ್ಲು ಇಟ್ಟರು, ಕೊಂಬೆ ಕಡಿದು ಹಾಸಿದರು, ನೂಕಿದರು. ಟೆಂಪೋ ಒಮ್ಮೆಲೇ ಜಿಗಿದಾಗ ರುದ್ರಾಣಿಯ ಪಾದ ಎರಡು ಕಲ್ಲುಗಳ ನಡುವೆ ತಿರುಚಿತು. ಮಂಜೂರನ ಹೆಗಲು ಹಿಡಿದು, ಕುಂಟುತ್ತ ಅವಳು ಮತ್ತೆ ಮರದ ಹತ್ತಿರ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು.

ಬಂಡೆಯ ಮೇಲೆ ಬೀಜಗಳು ಹರಡಿದ್ದವು. ಒಂದಕ್ಕೊಂದು ತಾಗದ ಹಾಗೆ, ಕೈಯಿಂದ ನೀಟಾಗಿ ಸವರಿ, ಮಧ್ಯಾಹ್ನವೆಲ್ಲ ಕೂತು ತಿರುವಿ ಹಾಕಿದ್ದು ಕಾಣುತ್ತಿತ್ತು. ಕಾದ ಕಲ್ಲಿನ ಮೇಲೆ ಅವು ಪಾಲಿಶ್ ಮಾಡಿದಂತೆ ಹೊಳೆಯುತ್ತಿದ್ದವು.

"ಭಾಳ ಛಂದ ಒಣಗ್ಯಾವ್ರೀ ಅಕ್ಕಾ," ಭೀಮು ಎದ್ದು ನಿಂತ.

ರುದ್ರಾಣಿ ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗಿನ ತಿರುಳು ಸಿಪ್ಪೆ ಬಿಟ್ಟು ಗಲಗಲ ಅಂದಿತು.

"ಯಾಕೆ ಒಣಗಿಸ್ದೆ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಸೀದು ಕಟ್ಟಿಟ್ರ ಬೂಜು ಹಿಡೀತದಲ್ರೀ. ಸೇಡಂದಾಗ ನಮ್ಮವ್ವ ಸಾಬಮ್ಮ ಹಿಂಗೇ ಒಣಗಿಸಿ ಗಾಣಕ್ಕ ಹಾಕ್ತಿದ್ಳು. ಜ್ವಾಳಾನೂ ಹಿಂಗೇ, ತೊಗರೀನೂ ಹಿಂಗೇ."

"ಇದು ತೊಗರಿ ಅಲ್ಲ ಭೀಮು. ಒಣಗಿದ್ರೆ ಇದು ಸತ್ತಂಗೆ."

ಭೀಮು ಬೀಜಗಳನ್ನು ನೋಡಿದ, ಆಮೇಲೆ ತನ್ನ ಅಂಗೈಗಳನ್ನು. ರುದ್ರಾಣಿಗೆ ಬೈಯಲೂ ಆಗಲಿಲ್ಲ. ಹಿಪ್ಪೆಯ ಬೀಜ ಒಣಗಬಾರದೆಂದು ಮಲ್ಲಪ್ಪನವರ ಮೀಟಿಂಗಿನಲ್ಲಿ ಪರದೆಯ ಮೇಲೆ ಚಿತ್ರ ಬಿಟ್ಟು ಹೇಳಿದ್ದಳು. ಮರ ಹತ್ತುವವನಿಗೆ ಹೇಳಿರಲಿಲ್ಲ.

"ಗೋಣಿ ತಳ ನೋಡಿ," ಮಂಜೂರ್ ಅಂದ. ತಳದಲ್ಲಿ ಹಿಸುಕದ ಹಣ್ಣು ಒಂದಿಷ್ಟು ಅಂಟಿಕೊಂಡಿದ್ದವು. ಬಂಡೆಯ ಬಿರುಕಿಗೆ ಉರುಳಿ ನೆರಳಲ್ಲಿ ಉಳಿದಿದ್ದ ಬೀಜಗಳನ್ನೂ ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿದರು. ಒಂದು ಗೋಣಿ ಹೋಗಿ ಒಂದು ಬುಟ್ಟಿಯಾಗಿತ್ತು.

ಸತ್ತ ಬೀಜಗಳನ್ನೂ ಭೀಮು ಟಾರ್ಪಾಲಿನಲ್ಲಿ ಕಟ್ಟಿ ಹೆಗಲಿಗೇರಿಸಿದ.

ರಾತ್ರಿ ಆ ಮಣ್ಣುದಾರಿಯಲ್ಲಿ ಇಳಿಯುವುದು ಬೇಡವೆಂದು ಮಂಜೂರ್ ಹಟ ಹಿಡಿದದ್ದರಿಂದ ಹೊರಟದ್ದು ಮರುದಿನ. ಕೋಲಾರ, ಹೊಸಕೋಟೆ ಸರಾಗವಾಗಿ ಕಳೆದವು. ಕೆ.ಆರ್. ಪುರದ ಸಂತೆಯ ಹತ್ತಿರ ಎಲ್ಲವೂ ನಿಂತಿತು. ಮುಂದೆ ತೂಗುಸೇತುವೆಯ ಕೆಲಸ, ಹಿಂದೆ ಲಾರಿಗಳು, ಎಡಬಲಕ್ಕೆ ಬಸ್ಸುಗಳು. ಟೆಂಪೋದ ತಗಡು ಕಾದು ಕಾವಲಿಯಾಯಿತು. ಮಡಿಲಲ್ಲಿದ್ದ ಬುಟ್ಟಿಯ ಗೋಣಿ ಅಂಚಿನಿಂದ ಒಣಗುತ್ತ ಬರುವುದನ್ನು ರುದ್ರಾಣಿ ನೋಡುತ್ತ ಕೂತಳು. ಕ್ಯಾನಿನ ನೀರು ಮುಗಿದಿತ್ತು.

"ಕರಡೀನೇ ವಾಸಿ," ಮಂಜೂರ್ ಹಾರ್ನ್ ಒತ್ತಿದ. "ತಿಂದು ಎದ್ದು ಹೋಯ್ತು."

ರಸ್ತೆ ಬದಿಯಲ್ಲಿ ಹೂ ಮಾರುತ್ತಿದ್ದ ಮುನಿಲಕ್ಷ್ಮಮ್ಮ ಕಿಟಕಿಯೊಳಗೆ ಬಗ್ಗಿ ನೋಡಿದಳು. "ಏನಮ್ಮಾ ಅದು, ಕೂಸಿನ ಹಂಗೆ ಹಿಡ್ಕೊಂಡಿದೀರ?"

"ಬೀಜ ಕಣಮ್ಮ. ಒಣಗಿದ್ರೆ ಹೋಗ್ಬಿಡತ್ತೆ. ಸ್ವಲ್ಪ ನೀರಿದ್ಯಾ?"

"ನೀರು ಹುಯ್ದ್ರೆ ಕೊಳೀತೈತೆ. ತಗೋ ಇದ." ಮಲ್ಲಿಗೆಯ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಎಳೆದು ಕೊಟ್ಟಳು. ಹೂಗಳು ಬಿಸಿಲಿಗೆ ಬಿದ್ದವು.

ಭೀಮು ಬುಟ್ಟಿಯನ್ನು ಆ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡ, ಟಾರ್ಪಾಲಿನ ಗಂಟನ್ನೂ ಹೆಗಲಿಗೇರಿಸಿದ. "ನರ್ಸರಿಗೆ ನಾ ಓಡ್ತೀನ್ರೀ ಅಕ್ಕಾ."

"ರೈಲು ಹಳಿ ದಾಟುವಾಗ ಹುಷಾರು!"

ರುದ್ರಾಣಿಯ ತಿರುಚಿದ ಕಾಲು ದಪ್ಪಗೆ ಊದಿತ್ತು. ಇಳಿದು ಹಿಂದೆ ಹೋಗುವ ಹಾಗಿರಲಿಲ್ಲ. ಎರಡು ಬಸ್ಸುಗಳ ಸಂದಿನಲ್ಲಿ ಅವನ ತಲೆ ಒಮ್ಮೆ ಕಂಡಿತು, ಲಾರಿಯ ಮೂತಿಯೆದುರು ಇನ್ನೊಮ್ಮೆ. ರೈಲಿನ ಕೂಗು ಕೇಳಿತು. ಆಮೇಲೆ ಹೊಗೆ ಮಾತ್ರ.

ಸಂಜೆಗೆ ಅವಳು ನರ್ಸರಿ ಮುಟ್ಟಿದಾಗ ಭೀಮು ಮಂಜಿನ ಕೋಣೆಯಲ್ಲಿ ಕೊನೆಯ ಕೊಳವೆಗೆ ಬೀಜ ಊರುತ್ತಿದ್ದ. ಮೊಣಕೈ ತರಚಿ ರಕ್ತ ಹೆಪ್ಪುಗಟ್ಟಿತ್ತು. ಬುಟ್ಟಿಯ ಬೀಜ ಒಂದು ಸಾಲಿಗೆ ಸಾಕಾಗಿತ್ತು. ಉಳಿದ ಸಾಲುಗಳಿಗೆ ಅವನು ಟಾರ್ಪಾಲಿನದನ್ನೇ ಊರಿದ್ದ. ರುದ್ರಾಣಿ ಬೇಡ ಅನ್ನಲಿಲ್ಲ.

ಆಷಾಢದ ಗಾಳಿ ಏಳುವಾಗ ಆ ಒಂದು ಸಾಲು ಮಾತ್ರ ಚಿಗುರಿತು. ಕೊಳವೆಗಳ ತಳದಲ್ಲಿ ಬಿಳಿಯ ಬೇರಿನ ತುದಿಗಳು ಗಾಳಿ ಮುಟ್ಟಿ ನಿಂತಿದ್ದವು, ಒಂದೂ ಸುತ್ತಿಕೊಂಡಿರಲಿಲ್ಲ. ಮಿಕ್ಕ ಸಾಲುಗಳಿಗೂ ಭೀಮು ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದ.

ಮಲ್ಲಪ್ಪ ಜೀಪಿನ ಹಿಂದೆ ಅಕೇಶಿಯಾ ಸಸಿಗಳನ್ನು ಹೇರಿಕೊಂಡು ಬಂದರು. ಸಸಿಗಳು ಆರೋಗ್ಯವಾಗಿದ್ದವು.

"ನೋಡಿ ಮೇಡಂ, ಖಾಲಿ ಕೊಳವೆಗೆಲ್ಲ ಇದನ್ನ ತುಂಬಿ. ಗುಡ್ಡ ಹಸಿರಾಗತ್ತೆ, ಅಲ್ಲಿ ಬೋರ್ಡು ನಿಮ್ಮ ಹೆಸರಲ್ಲೇ ಇರತ್ತೆ. ಹಿಪ್ಪೇನೂ ಅಂಚಲ್ಲಿ ಎಲ್ಲಾದ್ರೂ ನೆಡಿ. ಇಲ್ಲಾಂದ್ರೆ ಗುಡ್ಡ ಕೈ ತಪ್ಪತ್ತೆ. ನಿಮಗೆ ಒಳ್ಳೇದಾಗ್ಲಿ ಅಂತ್ಲೇ ಬಂದಿರೋದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಬೇಗ ಏಳುವ ಅಕೇಶಿಯಾದ ಕೆಳಗೆ ಹಿಪ್ಪೆ ಏಳಲಾರದು ಎನ್ನುವುದೂ ಸುಳ್ಳಲ್ಲ. ರುದ್ರಾಣಿ ಖಾಲಿ ಸಾಲುಗಳ ಕಡೆ ನೋಡಿದಳು. ಬೇಡ ಅನ್ನಲು ಅವಳ ಬಳಿ ಇದ್ದದ್ದು ಒಂದು ಸಾಲು. ಹೂಂ ಅನ್ನುವ ಸದ್ದು ಗಂಟಲವರೆಗೆ ಬಂದಿತ್ತು.

ಮಲ್ಲಪ್ಪ ಅದನ್ನು ಕೇಳಿಸಿಕೊಂಡವರ ಹಾಗೆ ಒಂದು ಟ್ರೇ ಎತ್ತಿ ಭೀಮುವಿನ ಮುಂದೆ ಹಿಡಿದರು. ಆ ಕೊಳವೆಗಳು ತುಂಬಿಬಿಟ್ಟರೆ, ಬಂಡೆಯ ಮೇಲೆ ಬೀಜ ಒಣಗಿಸಿದ ಆ ಮಧ್ಯಾಹ್ನದ ಭೀಮುವಿನ ತಪ್ಪೂ ಮುಚ್ಚಿಹೋಗುತ್ತಿತ್ತು.

"ಹಿಡ್ಕೋಳಪ್ಪ."

ಭೀಮು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರೀ."