ಲೆಟಿಯ ಮುಖದ ಮಸಿ

೧೮೭೬ರ ಅಕ್ಟೋಬರ್ ೯, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಲಂಡನ್ನಿನ ಡೆಪ್ಟ್‌ಫರ್ಡ್ ಠಾಣೆಗೆ ಬೀದಿಯಲ್ಲಿ ಫೋಟೋ ತೆಗೆಯುವ ಜೋಸಾಯಾ ಪಿಮ್, ಮೀನು ಮಾರುವ ಕೆಝಾಯಾ ಡನೇಜಳನ್ನು ಕರೆದುಕೊಂಡು ಬಂದ. ಅವನ ತಳ್ಳುಗಾಡಿಯಿಂದ ರಾತ್ರಿ ಒಂದು ಗಾಜಿನ ಫಲಕ ಕಳುವಾಗಿತ್ತು. ಅದರಲ್ಲಿದ್ದದ್ದು ಕೆಝಾಯಾಳ ಆರು ವರ್ಷದ ಮಗಳು ಲೆಟಿಯ ಚಿತ್ರ. ಮಗು ಶುಕ್ರವಾರ ಗಂಟಲುಮಾರಿ ರೋಗದಿಂದ ತೀರಿಕೊಂಡಿತ್ತು.

“ಕಾಗದದ ಮೇಲೆ ತೆಗೆದಿಲ್ವೇನಯ್ಯ?” ಇನ್‌ಸ್ಪೆಕ್ಟರ್ ಫ್ಯಾರಂಟ್ ಕೇಳಿದ.

“ಅದಕ್ಕೆ ಬಿಸಿಲು ಬೇಕು ಸಾಹೇಬ್ರೇ. ಬುಧವಾರದಿಂದ ಈ ಹಾಳು ಮಂಜು! ಗಾಜಿಗೆ ವಾರ್ನಿಶ್ ಕೂಡ ಹೊಡೆದಿಲ್ಲ, ಉಜ್ಜಿದ್ರೆ ಚಿತ್ರ ಅಳಿಸಿಹೋಗುತ್ತೆ.”

“ಅವಳ ಮುಖ ಇನ್ನೆಲ್ಲೂ ಇಲ್ಲ,” ಎಂದಳು ಕೆಝಾಯಾ. “ನಿಮ್ಮ ದಮ್ಮಯ್ಯ, ಹುಡುಕಿಕೊಡಿ.”

ದೂರು ದಾಖಲಾಯಿತು. ಒಂಬತ್ತೂಕಾಲಿಗೆ ಗಾಡಿಯ ಬಳಿ ಪಂಚನಾಮೆ. ಪೆಟ್ಟಿಗೆಯಲ್ಲಿದ್ದ ಮೂವತ್ತು ಫಲಕಗಳಲ್ಲಿ ಹೋದದ್ದು ಲೆಟಿಯ ಹೆಸರಿನ ಚೀಟಿಯಿದ್ದ ಒಂದೇ. ಮುಚ್ಚಳದ ಮೇಲೆ ಕಪ್ಪು ಬೆರಳ ಗುರುತು.

“ಕಳ್ಳ ನೀನೇ ಕಣಯ್ಯಾ!” ಕಾನ್‌ಸ್ಟೇಬಲ್ ಟಿಬ್ಸ್ ಪಿಮ್‌ನ ಕಪ್ಪು ಬೆರಳು ನೋಡಿ ಕಿಚಾಯಿಸಿದ.

“ಇದು ಫೋಟೋಗೆ ಬಳಸೋ ಬೆಳ್ಳಿ ದ್ರಾವಣದ ಕಪ್ಪು. ಸುಲಿದ್ರೂ ಹೋಗಲ್ಲ, ಯಾವುದಕ್ಕೂ ಅಂಟಲ್ಲ.”

ಫ್ಯಾರಂಟ್ ಗುರುತನ್ನು ಕರವಸ್ತ್ರದಿಂದ ಒರೆಸಿದ. ಕಪ್ಪು ಬಟ್ಟೆಗೆ ಬಂತು. ಕಲ್ಲಿದ್ದಲಿನ ಪುಡಿ.

“ನಿನ್ನ ಗಂಡನ ಕೆಲಸ ಏನಮ್ಮ?” ಎಂದು ಕೆಝಾಯಾಳನ್ನು ಕೇಳಿದ.

“ಕಲ್ಲಿದ್ದಲು ಮೂಟೆ ಹೊರೋದು. ಕುಡುಕ, ವರ್ಷದ ಹಿಂದೆಯೇ ಮನೆಯಿಂದ ಆಚೆ ಹಾಕಿದೀನಿ. ನಿನ್ನೆ ಮಣ್ಣು ಮಾಡೋಕೆ ಬಂದಿದ್ದ. ಅವನಿಗೋಸ್ಕರ ಶವಪೆಟ್ಟಿಗೆ ತೆಗೀಬೇಡಿ ಅಂದೆ. ಫೋಟೋ ಆದ್ರೂ ತೋರಿಸು ಅಂದ. ಆಗಲ್ಲ ಹೋಗು ಅಂದೆ.”

ಹನ್ನೊಂದಕ್ಕೆ ಅವಳ ಗಂಡ ಓಬೆಡ್ ಡನೇಜ್ ಹಡಗು ನಿಲ್ಲುವ ದಕ್ಕೆಯಲ್ಲಿ ಸಿಕ್ಕ. ಓಡಲಿಲ್ಲ. ಅಂಗಿಯೊಳಗಿಂದ ಫಲಕ ತೆಗೆದುಕೊಟ್ಟ. ಬೀದಿ ಇತ್ತು, ಮೀನಿನ ಬುಟ್ಟಿ ಇತ್ತು, ಪುಟ್ಟ ಗೌನು ಇತ್ತು. ಕತ್ತಿನ ಮೇಲೆ ಬರೀ ಗಾಜು.

“ಇದೇನಯ್ಯಾ ಮಾಡಿದ್ದು?”

“ಮುಖವೆಲ್ಲ ಮಸಿ ಆಗಿತ್ತು ಸಾಹೇಬ್ರೇ. ಓಡಿಬಂದು ನನ್ನ ಅಪ್ಪಿಕೊಂಡಾಗೆಲ್ಲ ಹಂಗೇ ಆಗ್ತಿತ್ತು. ಎಂಜಲು ಹಚ್ಚಿ ಒರೆಸಿದೆ. ಯಾವಾಗ್ಲೂ ಹಂಗೇ ಒರೆಸ್ತಿದ್ದದ್ದು.”

ಗಾಜಿನಲ್ಲಿ ಬಿಳಿ ಮುಖ ಕಪ್ಪಾಗಿಯೇ ಮೂಡುತ್ತದೆ ಎಂದು ಆ ಪಾಪದವನಿಗೆ ಯಾರು ಹೇಳಿದ್ದರು! ಹನ್ನೊಂದೂ ಇಪ್ಪತ್ತಕ್ಕೆ ಅವನನ್ನು ಬಂಧಿಸಲಾಯಿತು.

ಮಧ್ಯಾಹ್ನ ಮಂಜು ಸರಿದು ಬಿಸಿಲು ಬಂತು. ಕೆಝಾಯಾ ಹಠ ಹಿಡಿದದ್ದಕ್ಕೆ ಪಿಮ್ ಉಳಿದ ಚಿತ್ರವನ್ನೇ ಕಾಗದಕ್ಕೆ ಇಳಿಸಿದ. ಗಾಜು ಬರಿದಾದಲ್ಲಿ ಕಾಗದ ಕಪ್ಪಾಗುತ್ತದೆ. ಗೌನು ಬೆಳ್ಳಗೆ ಬಂತು, ಮುಖವಿರಬೇಕಾದ ಕಡೆ ಮಸಿ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. “ಶವಪೆಟ್ಟಿಗೆ ಒಂದ್ಸಲ ತೆಗೆದು ಅವನಿಗೆ ತೋರಿಸಿದ್ರೆ ಆಗ್ತಿತ್ತು,” ಎಂದಳು.

ಠಾಣೆಯ ಪುಸ್ತಕದಲ್ಲಿ, ಕಳವಿನ ಕಾರಣ ಎಂಬಲ್ಲಿ, ಫ್ಯಾರಂಟ್ ಬರೆದ: ಮಗಳ ಮುಖ ನೋಡಿರಲಿಲ್ಲ.